ಟಿ.ವಿ. ತೆರೆಯ ಮೇಲೆ ಹುಳು ಉಬ್ಬಿದ್ದೇಕೆ?



ಹಾಲಿನ ಸಂಘದ ಕಟ್ಟಡದಲ್ಲಿ, ಪಂಚಾಯತಿಯ ಸಭಾಂಗಣದಲ್ಲಿ, ಶಾಲೆಯಲ್ಲಿ ಗೋಡೆಗೆ ತೂಗುಹಾಕಿದ ಅಗಲ ತೆರೆಯ ಟಿ.ವಿ. ಈಗ ಅನೇಕ ಹಳ್ಳಿಗಳಲ್ಲಿ ಕಾಣಸಿಗುತ್ತದೆ. ಬೆಳೆಯ ರೋಗ, ಕೀಟ, ಗೊಬ್ಬರ, ಕೃಷಿ ಹೊಂಡ ಇವುಗಳ ವಿಷಯವಾಗಿ ಚಿತ್ರಗಳನ್ನು ಸಿದ್ಧಪಡಿಸಿ ಅದರಲ್ಲಿ ತೋರಿಸುವ ರೂಢಿಯೂ ಬಂದಿದೆ. ಊರಿನ ಓದಿದ ಹುಡುಗರು ಹುಡುಗಿಯರೇ ಮೊಬೈಲಿನಲ್ಲಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಜೋಡಿಸಿ, ಅಕ್ಷರ ಬರೆದು ತೋರಿಸುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಚಿತ್ರ ಟಿ.ವಿ.ಗೆ ಬಂದಾಗ ಆಕಾರ ಕೆಟ್ಟಿರುವುದನ್ನು ನೀವು ನೋಡಿರಬಹುದು. ಮನುಷ್ಯರು ಕುಳ್ಳಗೆ, ದಪ್ಪಗೆ ಕಾಣುತ್ತಾರೆ. ಟ್ರ್ಯಾಕ್ಟರಿನ ಚಕ್ರ ಮೊಟ್ಟೆಯಂತಾಗುತ್ತದೆ. ಮನುಷ್ಯರ ಚಿತ್ರವಾದರೆ ನಕ್ಕು ಸುಮ್ಮನಾಗಬಹುದು; ಕೀಟದ ಚಿತ್ರವಾದರೆ ಹಾಗೆ ನಕ್ಕು ಬಿಡುವಂತಿಲ್ಲ.

ನನಗೆ ಇದು ಮನದಟ್ಟಾದದ್ದು ಒಂದು ಊರಿನ ಸಭೆಯಲ್ಲಿ. ಗೋವಿನ ಜೋಳವೆಂದೂ ಕರೆಯುವ ಮುಸುಕಿನ ಜೋಳಕ್ಕೆ ಬೀಳುವ ಫಾಲ್ ಸೈನಿಕ ಹುಳುವಿನ ಚಿತ್ರವನ್ನು ಅಂದು ತೋರಿಸುತ್ತಿದ್ದೆವು. ಚಿತ್ರ ತಯಾರಿಸಿದವನು ನಾನೇ. ಮುಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ಹತ್ತಿರ ಬಂದು ನೋಡಿ, "ಇದು ನಮ್ಮ ಹೊಲದ್ದಲ್ಲ ಕಣಪ್ಪ. ನಮ್ಮದು ಇಷ್ಟು ದಪ್ಪ ಇಲ್ಲ, ಸಣ್ಣಗೆ ಉದ್ದಕ್ಕಿದೆ" ಎಂದರು. "ಇಲ್ಲಮ್ಮ, ಅದೇ ಹುಳು" ಎಂದು ನಾನು ವಾದಿಸಿದೆ. ಅವರು ನಂಬಲಿಲ್ಲ. ಆಮೇಲೆ ನೋಡಿದರೆ ಅವರ ಮಾತೇ ಸರಿ. ತೆರೆಯ ಮೇಲಿದ್ದ ಹುಳುವಿನ ಅಗಲ ನಿಜವಾದ ಹುಳುವಿನ ಅಗಲಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಾಗಿತ್ತು. ತಲೆ ಮೇಲಾಗಿ ನಿಂತಂತೆ ತೆಗೆದ ಫೋಟೋ ಅದು. ಅಡ್ಡಕ್ಕೆ ಹಿಗ್ಗಿ ಹುಳು ಉಬ್ಬಿಕೊಂಡಿತ್ತು. ಅದೇ ಹುಳು ಅಡ್ಡಲಾಗಿ ಮಲಗಿದ್ದರೆ ಹಾವಿನಂತೆ ಉದ್ದವಾಗುತ್ತಿತ್ತು.

ಈ ಹುಳುವಿನ ವಿಷಯದಲ್ಲಿ ಆಕಾರಕ್ಕೆ ಬಹಳ ಬೆಲೆಯುಂಟು. ಅಮೆರಿಕಾ ಖಂಡದ ಈ ಕೀಟ ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಕರ್ನಾಟಕದಲ್ಲಿಯೇ, 2018ನೆಯ ಇಸವಿಯಲ್ಲಿ. ಇದನ್ನು ಬೇರೆ ಹುಳುಗಳಿಂದ ಬೇರ್ಪಡಿಸಿ ಗುರುತಿಸಲು ಎರಡು ಮುಖ್ಯ ಲಕ್ಷಣಗಳಿವೆ. ಒಂದು, ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತಹ ತಿಳಿ ಬಣ್ಣದ ಗೆರೆ. ಇನ್ನೊಂದು, ಬಾಲದ ಹತ್ತಿರ ಬೆನ್ನ ಮೇಲೆ ನಾಲ್ಕು ಕರಿ ಬೊಟ್ಟುಗಳು. ಈ ನಾಲ್ಕು ಬೊಟ್ಟುಗಳು ಚೌಕದ ನಾಲ್ಕು ಮೂಲೆಗಳಲ್ಲಿ ಇಟ್ಟಂತೆ ಇರುತ್ತವೆ. ಬೊಟ್ಟುಗಳು ಬೇರೆ ಹುಳುಗಳಲ್ಲಿಯೂ ಉಂಟು. ಗುರುತಾಗಿರುವುದು ಆ ಚೌಕ. ನಾನು ತೋರಿಸಿದ ಚಿತ್ರದಲ್ಲಿ ಚೌಕವೇ ಇರಲಿಲ್ಲ! ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಮೂರು ಎಂಬಂತೆ ಹಿಗ್ಗಿಹೋಗಿತ್ತು. "ಬೊಟ್ಟು ಚೌಕವಾಗಿವೆಯೇ ನೋಡಿರಿ" ಎಂದು ಬಾಯಿಯಲ್ಲಿ ಹೇಳುತ್ತ, ಕಣ್ಣಿಗೆ ಬೇರೆಯೇ ಆಕಾರ ತೋರಿಸಿದಂತಾಯಿತು. ಮರಿಹುಳು ಚಿಕ್ಕದಾಗಿರುವಾಗಲೇ ಗುರುತಿಸಿದರೆ ಹತೋಟಿ ಸುಲಭ. ಬೆಳೆದು ಸುಳಿಯೊಳಗೆ ಸೇರಿ, ಮೇಲೆ ತನ್ನ ಹಿಕ್ಕೆಯ ಹೊಟ್ಟನ್ನು ಮುಚ್ಚಿಕೊಂಡು ಕುಳಿತರೆ ಸಿಂಪಡಿಸಿದ ಔಷಧ ಅದಕ್ಕೆ ತಲುಪುವುದು ಕಷ್ಟ. "ಇದು ನಮ್ಮ ಹುಳುವಲ್ಲ" ಎಂದು ಒಂದು ವಾರ ಸುಮ್ಮನಿದ್ದರೆ ಆ ಹೊಲದ ಗತಿಯೇನು?

ಹಾಗಾದರೆ ಚಿತ್ರ ಹೀಗೆ ಹಿಗ್ಗುವುದೇಕೆ? ಟಿ.ವಿ. ಕೆಟ್ಟಿರುತ್ತದೆಯೆ? ಇಲ್ಲ. ಇದು ಲೆಕ್ಕದ ತಪ್ಪು. ಆ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತಿರುವುದೇ.

ಟಿ.ವಿ.ಯ ಅಥವಾ ಕಂಪ್ಯೂಟರಿನ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಇಂತಹ ಒಂದು ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವಾಗ ಸಾಲು ಸಾಲಾಗಿ ಚುಕ್ಕಿ ಇಡುತ್ತಾರಲ್ಲವೆ, ಹಾಗೆಯೇ ಇವೂ ಸಾಲುಗಟ್ಟಿ ನಿಂತಿರುತ್ತವೆ. ಚಿತ್ರದ ಅಳತೆಯನ್ನು ಅಡ್ಡ ಎಷ್ಟು ಚುಕ್ಕೆ, ಉದ್ದ ಎಷ್ಟು ಚುಕ್ಕೆ ಎಂದು ಹೇಳುತ್ತಾರೆ. 1920 × 1080 ಎಂದರೆ ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಎಂದು ಅರ್ಥ.

ಈಗ ನಿಮ್ಮ ಹೊಲಕ್ಕೆ ಬನ್ನಿ. ಮುಸುಕಿನ ಜೋಳವನ್ನು ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದಿರಿ ಎನ್ನಿ. 10 ಸಾಲು, ಸಾಲಿಗೆ 10 ಗಿಡ. ಆ ತಾಕು ಚೌಕವಾಗಿರುತ್ತದೆಯೆ? ಎರಡು ಕಡೆಯೂ ಹತ್ತು ಹತ್ತೇ. ಆದರೂ ಒಂದು ಕಡೆ 6 ಮೀಟರ್, ಇನ್ನೊಂದು ಕಡೆ 3 ಮೀಟರ್ ಆಗುತ್ತದೆ. ಅದೇ ಹತ್ತು ಸಾಲಿಗೆ ಹತ್ತು ತೆಂಗಿನ ಸಸಿಗಳನ್ನು ಎಲ್ಲ ಕಡೆಗೂ ಸಮನಾದ ಅಂತರ ಬಿಟ್ಟು ನೆಟ್ಟರೆ ತೋಟ ಚೌಕವಾಗುತ್ತದೆ. ಎರಡರಲ್ಲಿಯೂ ಗಿಡ ನೂರೇ. ಆಕಾರ ಬೇರೆ ಬೇರೆ. ಗಿಡಗಳನ್ನು ಎಣಿಸಿದ ಮಾತ್ರಕ್ಕೆ ಹೊಲದ ಆಕಾರ ತಿಳಿಯುವುದಿಲ್ಲ. ಒಂದು ಗಿಡಕ್ಕೆ ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು ಜಾಗ ಬಿಟ್ಟಿದೆ ಎಂಬುದೂ ತಿಳಿಯಬೇಕು.

ಚಿತ್ರದ ಚುಕ್ಕೆಗೂ ಇದೇ ನ್ಯಾಯ. ಚುಕ್ಕೆಯ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ ಎಷ್ಟೆಂಬುದು ಮುಖ್ಯ. ಕಂಪ್ಯೂಟರಿನ ಚುಕ್ಕೆ ಚೌಕ, ಮೊಬೈಲಿನ ಚುಕ್ಕೆಯೂ ಚೌಕ. ಆದರೆ ಹಳೆಯ ವಿಡಿಯೋ ಪದ್ಧತಿಗಳಲ್ಲಿ ಚುಕ್ಕೆ ಚೌಕವಲ್ಲ. ಚೌಕ ಚುಕ್ಕೆಯೆಂದು ಎಣಿಸಿ ಬರೆದ ಚಿತ್ರವನ್ನು ಚೌಕವಲ್ಲದ ಚುಕ್ಕೆಯ ಕಡೆಗೆ ಕಳುಹಿಸಿದರೆ, ತೆಂಗಿನ ತೋಟದ ನಕ್ಷೆಯಂತೆ ಜೋಳ ಬಿತ್ತಿದ ಹಾಗಾಗುತ್ತದೆ.

ಚೌಕವಲ್ಲದ ಚುಕ್ಕೆ ಎಲ್ಲಿಂದ ಬಂತು ಎಂದು ಕೇಳುವಿರಿ. ಕಥೆ ಸ್ವಲ್ಪ ಹಳೆಯದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳುಹಿಸುವ ಪ್ರಯೋಗ ನಡೆದದ್ದು ಹಿರಿಯರಿಗೆ ನೆನಪಿರಬಹುದು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಜನ ರಾತ್ರಿ ಗುಂಪಾಗಿ ಕುಳಿತು ವ್ಯವಸಾಯದ, ಆರೋಗ್ಯದ ಕಾರ್ಯಕ್ರಮ ನೋಡುತ್ತಿದ್ದರು. ಆ ಪೆಟ್ಟಿಗೆಗಳ ತೆರೆ 4ಕ್ಕೆ 3ರ ಪ್ರಮಾಣದ್ದು. ಅಂದರೆ ಅಗಲ ನಾಲ್ಕು ಗೇಣಾದರೆ ಎತ್ತರ ಮೂರು ಗೇಣು. ಚಿತ್ರವು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಬರುತ್ತಿತ್ತು. ನಮ್ಮ ದೇಶದ ಪದ್ಧತಿಯಲ್ಲಿ ಒಟ್ಟು 625 ಗೆರೆಗಳು. ಅವುಗಳಲ್ಲಿ ಚಿತ್ರವನ್ನು ಹೊತ್ತು ತರುವವು 576. ಗೆರೆಯ ಉದ್ದಕ್ಕೆ ಚುಕ್ಕೆಗಳೇ ಇರಲಿಲ್ಲ. ನೇಗಿಲ ಸಾಲಿನಲ್ಲಿ ನೀರು ಹರಿದಂತೆ ಬೆಳಕು ಒಂದೇ ಸಮನೆ ಹರಿಯುತ್ತಿತ್ತು.

ಮುಂದೆ ಚಿತ್ರವನ್ನು ಅಂಕಿಗಳಾಗಿ ಮಾಡಿ ಕೂಡಿಡುವ ವಿದ್ಯೆ ಬಂದಾಗ ಪ್ರತಿ ಗೆರೆಯನ್ನೂ ಚುಕ್ಕೆಗಳಾಗಿ ಕತ್ತರಿಸಬೇಕಾಯಿತು. ಎಷ್ಟು ತುಂಡು ಮಾಡುವುದು? ಜಗತ್ತಿನಲ್ಲಿ ಎರಡು ಪದ್ಧತಿಗಳಿದ್ದವು. ನಮ್ಮಲ್ಲಿ, ಯೂರೋಪಿನಲ್ಲಿ 625 ಗೆರೆ. ಅಮೆರಿಕಾ, ಜಪಾನುಗಳಲ್ಲಿ 525 ಗೆರೆ. ಎರಡಕ್ಕೂ ಒಂದೇ ಯಂತ್ರ ಉಪಯೋಗವಾಗಲಿ ಎಂದು 1982ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಸೆಕೆಂಡಿಗೆ 1 ಕೋಟಿ 35 ಲಕ್ಷ ಸಲ ಗೆರೆಯನ್ನು ಕತ್ತರಿಸಿ, ಗೆರೆಗೆ 720 ಚುಕ್ಕೆ ಇಟ್ಟುಕೊಳ್ಳತಕ್ಕದ್ದು ಎಂದು ಗೊತ್ತುಮಾಡಿದರು. ಎರಡು ಕಡೆಯವರಿಗೂ ಹೊಂದುವ ಒಂದು ಸಂಖ್ಯೆ ಸಿಕ್ಕಿತು. ಆದರೆ ಚುಕ್ಕೆ ಚೌಕವಾಗಬೇಕೆಂದು ಯಾರೂ ಯೋಚಿಸಲಿಲ್ಲ. ಆಗ ಅದರ ಅಗತ್ಯವೂ ಇರಲಿಲ್ಲ. ಈಗ ನೀವೇ ಲೆಕ್ಕ ಹಾಕಿರಿ. ಎತ್ತರ 576 ಚುಕ್ಕೆ ಇದ್ದು, ತೆರೆ 4ಕ್ಕೆ 3 ಇರುವಾಗ, ಚುಕ್ಕೆ ಚೌಕವಾಗಿದ್ದರೆ ಅಡ್ಡಕ್ಕೆ 768 ಬೇಕು. ಇರುವುದು 720. ಆದುದರಿಂದ ಪ್ರತಿ ಚುಕ್ಕೆಯೂ ತನ್ನ ಎತ್ತರಕ್ಕಿಂತ ಸ್ವಲ್ಪ ಅಗಲವಾಗಿ ಕುಳಿತು ಜಾಗ ತುಂಬುತ್ತದೆ. ಅಮೆರಿಕಾದ ಪದ್ಧತಿಯಲ್ಲಿ ಎತ್ತರ 480 ಮಾತ್ರ, ಅಡ್ಡಕ್ಕೆ ಬೇಕಾದದ್ದು 640. ಆದರೆ ಇರುವುದು ಅದೇ 720. ಅಲ್ಲಿನ ಚುಕ್ಕೆ ಒತ್ತರಿಸಿಕೊಂಡು ಸಣಕಲಾಗಿದೆ.

ಹಳೆಯ ಡಿ.ವಿ.ಡಿ. ತಟ್ಟೆಗಳಲ್ಲಿರುವುದು ಈ 720ರ ಲೆಕ್ಕವೇ. ಮುಂದೆ ಅಗಲ ತೆರೆ, ಅಂದರೆ 16ಕ್ಕೆ 9ರ ತೆರೆ ಬಂದಾಗಲೂ ತಟ್ಟೆಯಲ್ಲಿ ಚುಕ್ಕೆಗಳ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಅದೇ 720 × 576 ಚುಕ್ಕೆಗಳನ್ನು ಇನ್ನೂ ಅಗಲಕ್ಕೆ ಎಳೆದು ಹರಡಿದರು. "ಇದನ್ನು 16ಕ್ಕೆ 9 ಎಂದು ಹರಡು" ಎಂಬ ಒಂದು ಗುರುತನ್ನು ಜೊತೆಗೆ ಸೇರಿಸಿದರು, ಅಷ್ಟೇ. ಚೀಟಿ ತಪ್ಪಿದರೆ ಮೂಟೆಯಲ್ಲಿರುವ ಬೀಜವೇ ತಿಳಿಯದು. ಇಲ್ಲಿ ಆ ಗುರುತು ತಪ್ಪಿದರೆ ಮನುಷ್ಯರು ಬಡಕಲಾಗುತ್ತಾರೆ ಇಲ್ಲವೆ ಉಬ್ಬುತ್ತಾರೆ.

ಇನ್ನೂ ಒಂದು ಉದಾಹರಣೆ ಕೊಡುತ್ತೇನೆ. ಇದರಲ್ಲಿ ಬಹಳ ಜನ ಮೋಸಹೋಗುತ್ತಾರೆ. ಮೊಬೈಲಿನ 4ಕ್ಕೆ 3ರ ಫೋಟೋವನ್ನು 1080 ಎತ್ತರಕ್ಕೆ ಇಳಿಸಿದರೆ ಅದು 1440 × 1080 ಆಗುತ್ತದೆ. ಮದುವೆ ವಿಡಿಯೋ ತೆಗೆಯುವವರ ಬಳಿ ಟೇಪು ಹಾಕುವ ಎಚ್.ಡಿ.ವಿ. ಕ್ಯಾಮರಾ ಹಿಂದೆ ಇರುತ್ತಿತ್ತು. ಅದರ ಚಿತ್ರವೂ 1440 × 1080 ಚುಕ್ಕೆಗಳೇ. ಆದರೆ ಮೊಬೈಲಿನ ಚುಕ್ಕೆ ಚೌಕ. ಆ ಕ್ಯಾಮರಾದ ಚುಕ್ಕೆಯ ಅಗಲ ಎತ್ತರದ ಒಂದೂ ಮೂರನೆಯ ಒಂದು ಪಾಲು. ಆದುದರಿಂದ ಮೊದಲನೆಯದು 4ಕ್ಕೆ 3ರ ಚಿತ್ರ, ಎರಡನೆಯದು ಹರಡಿದಾಗ 1920ರಷ್ಟು ಅಗಲವಾಗುವ 16ಕ್ಕೆ 9ರ ಚಿತ್ರ. ಅದೇ ಜೋಳದ ತಾಕು, ತೆಂಗಿನ ತೋಟದ ಕಥೆ. ಇವೆರಡನ್ನೂ ಒಂದೇ ವಿಡಿಯೋದಲ್ಲಿ ಸೇರಿಸುವವರು ಸಂಖ್ಯೆ ಒಂದೇ ಇದೆಯೆಂದು ಒಂದೇ ಅಚ್ಚಿಗೆ ಹಾಕಿಬಿಡುತ್ತಾರೆ. ನನ್ನ ಹುಳು ಉಬ್ಬಿದ್ದು ಹೀಗೆಯೇ.

ಈಗ ಕೆಲಸದ ಮಾತಿಗೆ ಬರೋಣ. ಸಂಘದಲ್ಲಿ ಈಗಿನ ಅಗಲ ತೆರೆಯ ಟಿ.ವಿ. ಇದ್ದು, ಚಿತ್ರವನ್ನು ಪೆನ್ ಡ್ರೈವಿನಿಂದಲೋ ಕಂಪ್ಯೂಟರಿನ ತಂತಿಯಿಂದಲೋ ತೋರಿಸುವುದಾದರೆ ದಾರಿ ಸುಲಭ. ಕಂಪ್ಯೂಟರಿನಲ್ಲಿ 1920 × 1080 ಅಳತೆಯ ಖಾಲಿ ಹಾಳೆ ತೆಗೆದುಕೊಳ್ಳಿರಿ. ಚುಕ್ಕೆಯ ಪ್ರಮಾಣ ಕೇಳಿದರೆ ಚೌಕ, ಅಥವಾ 1 ಎಂದು ಕೊಡಿರಿ. ಫೋಟೋವನ್ನು ಹಾಳೆಯ ಮೇಲೆ ಇಟ್ಟು ಚಿಕ್ಕದು ದೊಡ್ಡದು ಮಾಡುವಾಗ ಮೂಲೆಯನ್ನು ಹಿಡಿದು ಎಳೆಯಿರಿ. ಪಕ್ಕವನ್ನು ಹಿಡಿದು ಎಳೆಯಕೂಡದು. ಅಗಲ, ಎತ್ತರಗಳ ಅಂಕಿಗಳ ನಡುವೆ ಸರಪಳಿಯಂತಹ ಅಥವಾ ಬೀಗದಂತಹ ಒಂದು ಗುರುತು ಇರುತ್ತದೆ. ಅದು ಹಾಕಿರಲಿ. ಜೋಡೆತ್ತಿಗೆ ನೊಗ ಕಟ್ಟಿದಂತೆ ಅಗಲವೂ ಎತ್ತರವೂ ಆಗ ಒಟ್ಟಿಗೇ ನಡೆಯುತ್ತವೆ.

ಫೋಟೋ 4ಕ್ಕೆ 3ರದ್ದಾದರೆ ಹಾಳೆಯ ಎರಡು ಪಕ್ಕದಲ್ಲಿಯೂ 240 ಚುಕ್ಕೆಗಳಷ್ಟು ಜಾಗ ಖಾಲಿ ಉಳಿಯುತ್ತದೆ. ಉಳಿಯಲಿ. "ತೆರೆ ತುಂಬಲಿಲ್ಲವಲ್ಲ, ಕಪ್ಪು ಪಟ್ಟಿ ಚೆನ್ನಾಗಿ ಕಾಣುವುದಿಲ್ಲ" ಎಂದು ಎಳೆದು ತುಂಬಿಸುವುದೇ ಎಲ್ಲ ತಪ್ಪುಗಳಿಗೂ ಮೂಲ. ಜಾಗ ಹಾಳಾಯಿತೆಂದು ಅನ್ನಿಸಿದರೆ ಅಲ್ಲಿ ಹುಳುವಿನ ಹೆಸರು, ಯಾವ ತಿಂಗಳಲ್ಲಿ ಬರುತ್ತದೆ ಎಂಬುದನ್ನು ಬರೆಯಿರಿ. ತೆರೆ ತುಂಬಲೇಬೇಕೆಂದಿದ್ದರೆ ಫೋಟೋದ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿರಿ. ಕತ್ತರಿಸಿದರೆ ಎಲೆಯ ತುದಿ ಹೋಗಬಹುದು, ಆದರೆ ಉಳಿದದ್ದು ಸತ್ಯವಾಗಿರುತ್ತದೆ.

ಅಂಚಿನ ಕಡೆಗೆ ಮುಖ್ಯವಾದ ಅಕ್ಷರ ಬರೆಯಬೇಡಿರಿ. ಅನೇಕ ಟಿ.ವಿ.ಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗಿಬಿಡುತ್ತವೆ. ನೂರಕ್ಕೆ ಐದರಂತೆ, ಎಂದರೆ ಪಕ್ಕಗಳಲ್ಲಿ 96, ಮೇಲೆ ಕೆಳಗೆ 54 ಚುಕ್ಕೆಗಳಷ್ಟು ಬದು ಬಿಟ್ಟು ಒಳಗೆ ಬರೆದರೆ ಸಾಕು.

ಡಿ.ವಿ.ಡಿ.ಗಾಗಿ ತಯಾರಿಸುವಾಗ ಮಾತ್ರ ಹೆಚ್ಚು ಎಚ್ಚರ ಬೇಕು. ಕೆಲವು ಸಂಘಗಳಲ್ಲಿ ಹಳೆಯ ಯಂತ್ರವೇ ಇರಬಹುದು. ಅದಕ್ಕಾಗಿ ಇದನ್ನು ಹೇಳಬೇಕಾಗಿದೆ. ಮೊದಲು ಚೌಕ ಚುಕ್ಕೆಯಲ್ಲಿಯೇ ಚಿತ್ರವನ್ನು ಪೂರ್ಣ ಮಾಡಿಕೊಳ್ಳಿರಿ. ಹಳೆಯ 4ಕ್ಕೆ 3ರ ತೆರೆಗಾದರೆ 768 × 576ರ ಹಾಳೆ. ಅಗಲ ತೆರೆಗಾದರೆ 1024 × 576ರ ಹಾಳೆ. ಫೋಟೋ, ಗೆರೆ, ಅಕ್ಷರ ಎಲ್ಲವೂ ಮುಗಿದು, ಇನ್ನು ಬದಲಾವಣೆಯಿಲ್ಲ ಎಂದಾದ ಮೇಲೆ ಕೊನೆಯ ಹೆಜ್ಜೆಯಾಗಿ ಸರಪಳಿಯನ್ನು ಬಿಚ್ಚಿ ಅಗಲವನ್ನು ಮಾತ್ರ 720ಕ್ಕೆ ಇಳಿಸಿರಿ. ಎತ್ತರ 576 ಹಾಗೆಯೇ ಇರಲಿ. ಬಹಳ ಸೂಕ್ಷ್ಮವಾಗಿ ನೋಡುವವರು 768ಕ್ಕೆ ಬದಲು 788 ಎನ್ನುತ್ತಾರೆ, ಹಳೆಯ ಟಿ.ವಿ. ಗೆರೆಯಲ್ಲಿ ಚಿತ್ರಕ್ಕೆ ಸಲ್ಲುವುದು 720ರಲ್ಲಿ ಸುಮಾರು 702 ಚುಕ್ಕೆ ಮಾತ್ರ, ಮಿಕ್ಕದ್ದು ಅಂಚಿನ ಬದು ಎಂಬುದು ಅದಕ್ಕೆ ಕಾರಣ. ನಿಮ್ಮ ತಂತ್ರಾಂಶ ಚುಕ್ಕೆಯ ಪ್ರಮಾಣವನ್ನು 1.09 ಎಂದು ತೋರಿಸಿದರೆ 788ರ ಹಾಳೆಯನ್ನೇ ತೆಗೆದುಕೊಳ್ಳಿರಿ. ಎರಡಕ್ಕೂ ವ್ಯತ್ಯಾಸ ನೂರಕ್ಕೆ ಎರಡೂವರೆಯಷ್ಟು. ಹುಳುವನ್ನು ಗುರುತಿಸಲು ಅದರಿಂದ ಅಡ್ಡಿಯಿಲ್ಲ.

ಹೀಗೆ ಇಳಿಸಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೋಡಿದರೆ ಸಣ್ಣಗೆ, ಒತ್ತಿದಂತೆ ಕಾಣುತ್ತದೆ. ಅಗಲ ತೆರೆಗೆ ಮಾಡಿದ್ದಾದರೆ ಬಹಳವೇ ಸಣಕಲಾಗಿ ಕಾಣುತ್ತದೆ. ಹೆದರಬೇಡಿರಿ. ಅದು ಸರಿಯಾಗಿಯೇ ಇದೆ, ಟಿ.ವಿ.ಗೆ ಹೋದಾಗ ಅಲ್ಲಿನ ಅಗಲ ಚುಕ್ಕೆಗಳ ಮೇಲೆ ಹರಡಿಕೊಂಡು ತನ್ನ ನಿಜವಾದ ಆಕಾರಕ್ಕೆ ಬರುತ್ತದೆ. "ಅಯ್ಯೋ, ಕೆಟ್ಟುಹೋಯಿತು" ಎಂದು ಕಂಪ್ಯೂಟರಿನಲ್ಲಿಯೇ ಮತ್ತೆ ಅಗಲ ಮಾಡಿ ಸರಿಪಡಿಸುವವರು, ಸರಿಯಿದ್ದದ್ದನ್ನು ಕೆಡಿಸುತ್ತಾರೆ. ತಟ್ಟೆ ಬರೆಯುವಾಗ 4:3 ಅಥವಾ 16:9 ಎಂಬ ಗುರುತನ್ನು ಸರಿಯಾಗಿ ಆರಿಸಿದರೆ ಸಾಕು.

ಕೃಷಿ ಹೊಂಡ, ಬದು ಇವುಗಳ ನಕ್ಷೆ ತೋರಿಸುವವರಿಗೂ ಒಂದು ಮಾತು. ಒಂದು ಅಡಿ ಆಳಕ್ಕೆ ಒಂದೂವರೆ ಅಡಿ ಇಳಿಜಾರು ಎಂದು ಬರೆದ ನಕ್ಷೆ 4ಕ್ಕೆ 3ರಿಂದ 16ಕ್ಕೆ 9ಕ್ಕೆ ಹಿಗ್ಗಿದರೆ ಎರಡು ಅಡಿ ಇಳಿಜಾರಿನಂತೆ ಕಾಣುತ್ತದೆ. ಕಣ್ಣಳತೆಯಲ್ಲಿಯೇ ಕೆಲಸ ಮಾಡುವವರು ಅದನ್ನು ನಂಬಿ ಅಗೆದರೆ ಅಷ್ಟು ಹೆಚ್ಚು ನೆಲ ಹೋಗುತ್ತದೆ. ಆದುದರಿಂದ ನಕ್ಷೆಯ ಮೇಲೆ ಅಳತೆಯನ್ನು ಅಂಕಿಯಲ್ಲಿ ಬರೆದೇ ತೀರಬೇಕು. ಚಿತ್ರ ಹಿಗ್ಗಿದರೂ ಅಂಕಿ ಹಿಗ್ಗುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿಯೂ ಟಿ.ವಿ.ಯೇ ಕೆಡಿಸುವುದುಂಟು. ರಿಮೋಟಿನಲ್ಲಿ ಚಿತ್ರದ ಅಳತೆ ಬದಲಿಸುವ ಗುಂಡಿಯಿರುತ್ತದೆ, ಇಲ್ಲವೆ ಒಳಗಿನ ಪಟ್ಟಿಯಲ್ಲಿ ಆ ಆಯ್ಕೆ ಇರುತ್ತದೆ. ಝೂಮ್, ವೈಡ್, 4:3, 16:9 ಎಂದೆಲ್ಲ ಬರೆದಿರುತ್ತದೆ. ಹಿಂದಿನ ದಿನ ಯಾರೋ ಸಿನಿಮಾ ನೋಡುವಾಗ ತೆರೆ ತುಂಬಲೆಂದು ಝೂಮ್ ಮಾಡಿ ಹಾಗೆಯೇ ಬಿಟ್ಟಿರಬಹುದು. 1920 × 1080ರ ಚಿತ್ರಕ್ಕೆ 16:9 ಎಂದಿರಲಿ. ಹಳೆಯ 4ಕ್ಕೆ 3ರ ತಟ್ಟೆ ಹಾಕುವಾಗ 4:3 ಎಂದು ಬದಲಿಸಿರಿ. ಸಭೆ ಮುಗಿದ ಮೇಲೆ ಮೊದಲಿನಂತೆ ಮಾಡಿಡಿರಿ, ಇಲ್ಲದಿದ್ದರೆ ಸಂಜೆ ಧಾರಾವಾಹಿ ನೋಡುವವರ ಬೈಗುಳ ಕೇಳಬೇಕಾದೀತು.

ಆಕಾರ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಹೊಲದಲ್ಲಿ ಹುಳುವಿನ ಫೋಟೋ ತೆಗೆಯುವಾಗ ಅದರ ಪಕ್ಕದಲ್ಲಿ ಒಂದು ನಾಣ್ಯವನ್ನು ಇಡಿರಿ. ನೇರವಾಗಿ ಮೇಲಿನಿಂದ ತೆಗೆಯಿರಿ. ಓರೆಯಾಗಿ ತೆಗೆದರೆ ನಾಣ್ಯ ಮೊದಲೇ ಮೊಟ್ಟೆಯಾಗಿರುತ್ತದೆ. ಹುಳು ಎಷ್ಟು ದೊಡ್ಡದೆಂಬುದೂ ಇದರಿಂದ ನೋಡುವವರಿಗೆ ತಿಳಿಯುತ್ತದೆ. ಜನ ಸೇರುವ ಮೊದಲು ಆ ಚಿತ್ರವನ್ನು ಟಿ.ವಿ.ಯಲ್ಲಿ ಹಾಕಿ, ಒಂದು ದಾರದಿಂದ ತೆರೆಯ ಮೇಲಿನ ನಾಣ್ಯದ ಅಗಲವನ್ನು ಅಳೆಯಿರಿ. ಅದೇ ದಾರವನ್ನು ತಿರುಗಿಸಿ ಎತ್ತರಕ್ಕೆ ಹಿಡಿಯಿರಿ. ಎರಡೂ ಸಮನಾಗಿದ್ದರೆ ಹುಳುವಿನ ಬೆನ್ನಿನ ಚೌಕವೂ ಚೌಕವಾಗಿಯೇ ಇದೆ. ಅಗಲ ನಾಲ್ಕು ಬೆರಳು, ಎತ್ತರ ಮೂರು ಬೆರಳು ಬಂದರೆ 4ಕ್ಕೆ 3ರ ಚಿತ್ರವನ್ನು ಅಗಲ ತೆರೆಗೆ ಎಳೆದಿದೆ. ಮೊದಲು ರಿಮೋಟನ್ನು, ಆಮೇಲೆ ನಿಮ್ಮ ಹಾಳೆಯನ್ನು ನೋಡಿರಿ. ಸರಿಪಡಿಸಲು ಹೊತ್ತಿಲ್ಲದಿದ್ದರೆ ಆ ಚಿತ್ರವನ್ನು ತೋರಿಸುವುದನ್ನೇ ಬಿಟ್ಟು, ಹತ್ತಿರದ ಹೊಲದಿಂದ ಹುಳು ಬಿದ್ದ ಒಂದು ಸುಳಿಯನ್ನು ಕಿತ್ತು ತಂದು ಎಲ್ಲರ ಕೈಗೂ ಕೊಡಿರಿ.